ಇಯೋಸಿನೋಫಿಲ್ ಎಲ್ಲಾ ಹೋದರೂ ನುಂಗುವ ಕಷ್ಟ ಯಾಕೆ ಹೋಗಲ್ಲ?

ಶಿಂಷಾ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಮೆರಿಕದ ಓಹಾಯೋದಲ್ಲಿದ್ದಾನೆ, 31 ವರ್ಷ. ಅವನಿಗೆ ಇಯೋಸಿನೋಫಿಲಿಕ್ ಇಸೋಫಜೈಟಿಸ್ ಅಂತ ಹೇಳಿದ್ದಾರೆ. ಚಿಕ್ಕದಾಗಿ ಇಒಇ ಅನ್ನುತ್ತಾರಂತೆ. ಅನ್ನನಾಳದ ಒಳಪದರಕ್ಕೆ ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಬಂದು ತುಂಬಿಕೊಳ್ಳುತ್ತದೆ, ಊತ ಬರುತ್ತದೆ, ಊಟ ಕೆಳಗೆ ಇಳಿಯುವುದಿಲ್ಲ. ಇಷ್ಟು ನನಗೂ ಅರ್ಥವಾಗಿದೆ.

ಹೋದ ಸಲ ಊರಿಗೆ ಬಂದಾಗಲೇ ನನಗೆ ಅನುಮಾನ ಬಂದಿತ್ತು. ನಾವು ಮದ್ದೂರಿನ ಕಡೆಯವರು, ಮುದ್ದೆ ಅಗಿದು ಗೊತ್ತಿಲ್ಲ, ಸಾರಲ್ಲಿ ಅದ್ದಿ ನುಂಗುವುದಷ್ಟೇ. ಇವನು ಮುದ್ದೆಯನ್ನು ಗೋಲಿಗಿಂತ ಚಿಕ್ಕದಾಗಿ ಮುರಿದು, ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿದು, ಎಲ್ಲರೂ ಕೈ ತೊಳೆದು ಎದ್ದ ಮೇಲೂ ತಟ್ಟೆ ಮುಂದೆ ಕೂತಿರುತ್ತಿದ್ದ. ಕೇಳಿದರೆ "ನಾನು ಮೊದಲಿಂದಲೂ ನಿಧಾನ ಕಣಕ್ಕಾ" ಅಂದ. ಆಮೇಲೆ ಅಲ್ಲಿ ಒಂದು ದಿನ ಚಿಕನ್ ತುಂಡು ಸಿಕ್ಕಿಕೊಂಡು, ಎಂಜಲೂ ನುಂಗೋಕಾಗದೆ ಎಮರ್ಜೆನ್ಸಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿ ತೆಗೆಸಿಕೊಂಡ. ಆಗ ಬಯಾಪ್ಸಿ ತೆಗೆದದ್ದು. ಇಯೋಸಿನೋಫಿಲ್ ಲೆಕ್ಕ 42 ಅಂತ ಬಂತು. ಆಸಿಡಿಟಿ ಮಾತ್ರೆ ಎರಡು ಹೊತ್ತು ಕೊಟ್ಟು, ಎರಡು ತಿಂಗಳು ಬಿಟ್ಟು ಮತ್ತೆ ನೋಡಿದರು, 38.

ಈಗ ಡಾಕ್ಟರು ಮೂರು ದಾರಿ ಹೇಳಿದ್ದಾರೆ: ಪಥ್ಯ, ನುಂಗುವ ಸ್ಟೀರಾಯ್ಡ್, ಡುಪಿಲುಮ್ಯಾಬ್ ಇಂಜೆಕ್ಷನ್. ಇವನು ರಾತ್ರಿಯೆಲ್ಲಾ ಕೂತು ಓದುವ ಪೈಕಿ. ಬೆನ್ರಾಲಿಜುಮ್ಯಾಬ್ ಅನ್ನುವ ಔಷಧಿ ಇಯೋಸಿನೋಫಿಲ್ ಅನ್ನೇ ಇಲ್ಲವಾಗಿಸಿತಂತೆ, ಆದರೆ ರೋಗಿಗಳಿಗೆ ನುಂಗುವ ಕಷ್ಟ ಹಾಗೇ ಇತ್ತಂತೆ. "ಹಾಗಿದ್ದರೆ ಇವರು ಎಣಿಸುತ್ತಿರುವುದು ಏನನ್ನ? ಕಾಯಿಲೆಗೆ ಆ ಹೆಸರು ಯಾಕೆ?" ಅಂತ ನನ್ನ ತಲೆ ತಿನ್ನುತ್ತಿದ್ದಾನೆ. ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು. ಅಮ್ಮ ಹೇಳುವುದು "ಅಯ್ಯೋ, ನಿಮ್ಮ ದೊಡ್ಡಪ್ಪಂಗೂ ಇಸ್ನೋಫೀಲಿಯಾ ಇತ್ತು, ಮೂರು ವಾರ ಮಾತ್ರೆ ನುಂಗಿದ್ರು, ಹೋಯ್ತು" ಅಂತ. ಎರಡೂ ಒಂದೇನಾ?

ಗಾಜಿನ ಸ್ಲೈಡು

ನಾನು ಮೈಸೂರಿನಲ್ಲಿ ಪೆಥಾಲಜಿ ಲ್ಯಾಬ್‌ನಲ್ಲಿದ್ದೇನೆ. ಎಣಿಸುವುದು ಏನನ್ನ ಅಂತ ಕೇಳಿದಿರಲ್ಲ, ಅದಷ್ಟನ್ನು ಹೇಳುತ್ತೇನೆ, ಔಷಧಿ ವಿಷಯ ಗೊತ್ತಿರುವವರು ಹೇಳಲಿ.

ಎಂಡೋಸ್ಕೋಪಿಯಲ್ಲಿ ಅನ್ನನಾಳದಿಂದ ಅಕ್ಕಿ ನುಚ್ಚಿನಷ್ಟು ಸಣ್ಣ ತುಣುಕು ಕೀಳುತ್ತಾರೆ. ಒಂದೆರಡು ಸಾಲದು. ಈ ಕಾಯಿಲೆ ಒಳಗೆ ಅಲ್ಲಲ್ಲಿ ತೇಪೆ ತೇಪೆಯಾಗಿ ಇರುತ್ತದೆ. ಅದಕ್ಕೇ ಕನಿಷ್ಠ 6 ತುಣುಕು, ಮೇಲಿನಿಂದಲೂ ಕೆಳಗಿನಿಂದಲೂ ತೆಗೆಯಬೇಕು ಅನ್ನುವುದು. ಆ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ನಮ್ಮ ಕಣ್ಣ ಮುಂದೆ ಇಡುತ್ತಾರೆ. ಇಯೋಸಿನ್ ಅನ್ನುವ ಬಣ್ಣವನ್ನು ಗಬಕ್ಕನೆ ಹೀರಿಕೊಂಡು ಕೆಂಪು-ಕಿತ್ತಳೆಯಾಗಿ ಕಾಣುವ, ಒಳಗೆ ಎರಡು ಹೋಳಿನ ನ್ಯೂಕ್ಲಿಯಸ್ ಇರುವ ಕಣ ಇದು. 1879ರಲ್ಲಿ ಪೌಲ್ ಎರ್ಲಿಖ್ ಇದನ್ನು ಗುರುತಿಸಿ ಹೆಸರಿಟ್ಟ.

ಆರೋಗ್ಯವಾಗಿರುವ ಅನ್ನನಾಳದ ಒಳಪದರದಲ್ಲಿ ಇದು ಇರಲೇಬಾರದು. ಹೊಟ್ಟೆಯಲ್ಲಿ, ಕರುಳಿನಲ್ಲಿ ಇರುತ್ತದೆ, ಅಲ್ಲಿ ಅದು ಮನೆಯವನೇ. ಅನ್ನನಾಳದಲ್ಲಿ ಮಾತ್ರ ಹೊರಗಿನವನು. ನಾವು ಸ್ಲೈಡ್ ಪೂರ್ತಿ ಓಡಾಡಿ, ಎಲ್ಲಿ ಜಾಸ್ತಿ ಗುಂಪಾಗಿದೆಯೋ ಆ ಜಾಗದಲ್ಲಿ 40ರ ಲೆನ್ಸ್ ಹಾಕಿ ಒಂದು ಫೀಲ್ಡ್‌ನಲ್ಲಿ ಎಷ್ಟಿದೆ ಅಂತ ಎಣಿಸುತ್ತೇವೆ. 15 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಲಕ್ಷಣವೂ ಇದ್ದರೆ, ಬೇರೆ ಕಾರಣ ಇಲ್ಲದಿದ್ದರೆ ಇಒಇ. ಹಾಗಾಗಿ 42 ಅಂದರೆ ಸರಾಸರಿ ಅಲ್ಲ, ಅತಿ ಜಾಸ್ತಿ ಇದ್ದ ಜಾಗದ ಲೆಕ್ಕ.

42 ಮತ್ತು 38ರ ಮಧ್ಯೆ ವ್ಯತ್ಯಾಸ ಹುಡುಕುವುದು ಸುಮ್ನೆ ಟೈಮ್ ವೇಸ್ಟ್. ಪಕ್ಕದ ಇನ್ನೊಂದು ತುಣುಕು ಕಿತ್ತಿದ್ದರೆ 60 ಬರಬಹುದಿತ್ತು, 20 ಬರಬಹುದಿತ್ತು. ಮೈಕ್ರೋಸ್ಕೋಪಿನ ಫೀಲ್ಡ್ ಸೈಜೇ ಬೇರೆ ಬೇರೆ ಇರುತ್ತದೆ, ಅದಕ್ಕೆ ಈಗ ಒಂದು ಚದರ ಮಿಲಿಮೀಟರಿಗೆ ಸುಮಾರು 60 ಅಂತಲೂ ಹೇಳುತ್ತಾರೆ. ಜೊತೆಗೆ ರಿಪೋರ್ಟ್‌ನಲ್ಲಿ ಕೆಳಪದರ ದಪ್ಪಗಾಗಿದೆಯಾ, ಜೀವಕೋಶಗಳ ನಡುವೆ ಸಂದು ಬಿಟ್ಟಿದೆಯಾ, ಅಡಿಯಲ್ಲಿ ನಾರು ಕಟ್ಟಿದೆಯಾ ಅಂತ ಬರೆದಿದ್ದರೆ ಅದನ್ನು ಓದಲು ತಮ್ಮನಿಗೆ ಹೇಳಿ. ಎಲ್ಲರೂ ನಂಬರ್ ಒಂದನ್ನೇ ನೋಡಿ ಪೇಪರ್ ಮಡಚುತ್ತಾರೆ.

ಮಲ್ಲೇಶ್ವರದ ಅಳಿಲು

ನಾನು ಇಮ್ಯುನಾಲಜಿ ಓದಿದವನು, ಡಾಕ್ಟರ್ ಅಲ್ಲ. ಆದರೆ ನಿಮ್ಮ ತಮ್ಮ ಕೇಳಿದ್ದು ಈ ಕ್ಷೇತ್ರದವರೇ ಈಗ ಕೇಳಿಕೊಳ್ಳುತ್ತಿರುವ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅವನು ಓದಿದ್ದು ಮೆಸೀನಾ ಅನ್ನುವ ಟ್ರಯಲ್ ಇರಬೇಕು, 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 211 ಜನ. ಔಷಧಿ ತಗೊಂಡವರಲ್ಲಿ 87.4% ಜನರ ಬಯಾಪ್ಸಿಯಲ್ಲಿ ಇಯೋಸಿನೋಫಿಲ್ 6 ಅಥವಾ ಅದಕ್ಕಿಂತ ಕೆಳಗೆ ಬಂತು, ಬರೀ ಪ್ಲಾಸಿಬೊ, ಅಂದರೆ ಔಷಧಿ ಇಲ್ಲದ ಹುಸಿ ಡೋಸ್, ತಗೊಂಡವರಲ್ಲಿ 6.5%. ನೋಡಿದರೆ ಪಟಾಕಿ ಹೊಡೆಯುವ ರಿಸಲ್ಟ್. ಆದರೆ ನುಂಗುವ ಕಷ್ಟದ ಸ್ಕೋರಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇದೊಂದೇ ಅಲ್ಲ. ಅದೇ ಜಾತಿಯ ಮೆಪೋಲಿಜುಮ್ಯಾಬ್, ಇಯೋಸಿನೋಫಿಲ್ ಅನ್ನು ಬೇರೆ ದಾರಿಯಲ್ಲಿ ಕೊಲ್ಲುವ ಲಿರೆಂಟೆಲಿಮ್ಯಾಬ್, ಇವುಗಳ ಕಥೆಯೂ ಹೀಗೇ ಆಯಿತು. ಕಣ ಇಳಿಯಿತು, ಕಷ್ಟ ಇಳಿಯಲಿಲ್ಲ. ಹೊಟ್ಟೆಯಲ್ಲಿ ಬರುವ ಇದರ ಸೋದರ, ಇಯೋಸಿನೋಫಿಲಿಕ್ ಗ್ಯಾಸ್ಟ್ರೈಟಿಸ್‌ನಲ್ಲೂ ಬೆನ್ರಾಲಿಜುಮ್ಯಾಬ್ ಹಾಗೇ ಮಾಡಿತು.

ನನ್ನ ಅಭಿಪ್ರಾಯ: ಇಯೋಸಿನೋಫಿಲ್ ಇಲ್ಲಿ ಗುರುತು, ಯಜಮಾನ ಅಲ್ಲ. ಬೀದಿಯಲ್ಲಿ ಜಗಳ ಆದರೆ ಜನ ಸೇರುತ್ತಾರೆ ಅಲ್ವಾ, ಸೇರಿದವರನ್ನು ಓಡಿಸಿದರೆ ಜಗಳ ನಿಲ್ಲುತ್ತದಾ?

ಜಗಳ ಶುರುವಾಗುವುದು ಅನ್ನನಾಳದ ಪದರದಲ್ಲೇ. ಓಹಾಯೋದಲ್ಲೇ ಇರುವ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಮಾರ್ಕ್ ರೋಥೆನ್‌ಬರ್ಗ್ ಅವರ ತಂಡ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದೆ. 2006ರಲ್ಲಿ ಅವರು ರೋಗಿಗಳ ಅನ್ನನಾಳದಲ್ಲಿ ಯಾವ ಜೀನ್ ಎಷ್ಟು ಕೂಗಾಡುತ್ತಿದೆ ಅಂತ ನೋಡಿದಾಗ ಎಲ್ಲಕ್ಕಿಂತ ಜೋರಾಗಿದ್ದದ್ದು ಇಯೋಟ್ಯಾಕ್ಸಿನ್-3. ಅದು ಇಯೋಸಿನೋಫಿಲ್‌ಗಳನ್ನು ಬನ್ನಿ ಅಂತ ಕರೆಯುವ ಸಿಗ್ನಲ್. ಆ ಸಿಗ್ನಲ್ ಹೊರಡಿಸುವುದು ಪದರದ ಜೀವಕೋಶಗಳೇ, ಅವುಗಳಿಗೆ ಹಾಗೆ ಮಾಡಲು ಹೇಳುವುದು ಐಎಲ್-13 ಅನ್ನುವ ಅಣು. ಅದೇ ಐಎಲ್-13 ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಪದರವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನುಗಳನ್ನು ತಗ್ಗಿಸುತ್ತದೆ. ಸಂದು ಬೀಳುತ್ತದೆ, ಊಟದ ಪ್ರೋಟೀನ್ ಒಳಗೆ ನುಸುಳುತ್ತದೆ, ಮತ್ತೆ ಸಿಗ್ನಲ್. ಮೇಲೆ ಸ್ಲೈಡಿನವರು ಸಂದು ಅಂದರಲ್ಲ, ಅದು ಇದೇ. 2010ರಲ್ಲಿ ಟಿಎಸ್‌ಎಲ್‌ಪಿ ಜೀನ್ ಇರುವ ಜಾಗ, 2014ರಲ್ಲಿ ಕ್ಯಾಪ್ಎನ್14 ಅನ್ನುವ ಜೀನ್ ಈ ಕಾಯಿಲೆಯ ಜೊತೆ ತಳುಕು ಹಾಕಿಕೊಂಡಿವೆ ಅಂತ ಗೊತ್ತಾಯಿತು. ಎರಡನೆಯದು ಅನ್ನನಾಳದಲ್ಲೇ ಮುಖ್ಯವಾಗಿ ಕೆಲಸ ಮಾಡುವ ಜೀನ್. ರಕ್ತಕಣದ ಜೀನ್ ಅಲ್ಲ ಅನ್ನುವುದನ್ನು ಗಮನಿಸಿ.

ಈಗ ಡುಪಿಲುಮ್ಯಾಬ್. ಇದು ಇಯೋಸಿನೋಫಿಲ್ ಮೇಲೆ ನೇರ ಕೈ ಮಾಡುವುದಿಲ್ಲ, ಐಎಲ್-4 ಮತ್ತು ಐಎಲ್-13 ಎರಡೂ ಬಳಸುವ ಬಾಗಿಲನ್ನು ಮುಚ್ಚುತ್ತದೆ. ಕಣ ಇಳಿಯಿತು, ಕಷ್ಟವೂ ಇಳಿಯಿತು. 2022ರ ಮೇನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆಗ 12 ವರ್ಷ ಮೇಲ್ಪಟ್ಟವರಿಗೆ, 2024ರ ಜನವರಿಯಲ್ಲಿ 1 ವರ್ಷದ ಮಕ್ಕಳವರೆಗೂ. ಆದರೆ ಇಲ್ಲೂ ಒಂದು ತಮಾಷೆ ಇದೆ. ವಾರಕ್ಕೊಂದು ಇಂಜೆಕ್ಷನ್ ತಗೊಂಡವರಿಗೂ ಎರಡು ವಾರಕ್ಕೊಂದು ತಗೊಂಡವರಿಗೂ ಬಯಾಪ್ಸಿಯಲ್ಲಿ ಒಂದೇ ರಿಸಲ್ಟ್, ಹೆಚ್ಚು ಕಡಿಮೆ 60% ಜನರಲ್ಲಿ ಕಣ ಇಳಿಯಿತು. ನುಂಗುವ ಸ್ಕೋರ್ ಮಾತ್ರ ವಾರಕ್ಕೊಂದು ತಗೊಂಡವರಲ್ಲೇ ಸರಿಯಾಗಿ ಇಳಿದದ್ದು. 84ರ ಸ್ಕೋರಿನಲ್ಲಿ ಅವರಿಗೆ ಸುಮಾರು 24 ಇಳಿಯಿತು, ಪ್ಲಾಸಿಬೊದವರಿಗೇ 14 ಇಳಿದಿತ್ತು!

ಪ್ಲಾಸಿಬೊಗೆ 14 ಯಾಕೆ ಇಳಿಯುತ್ತದೆ ಅಂದರೆ, ಕಷ್ಟವನ್ನು ಅಳೆಯುವುದೇ ಇಲ್ಲಿ ಕಷ್ಟ. ನಿಮ್ಮ ತಮ್ಮನನ್ನು "ಈ ವಾರ ನುಂಗಲು ತೊಂದರೆ ಆಯಿತಾ" ಅಂತ ಕೇಳಿದರೆ ಇಲ್ಲ ಅನ್ನಬಹುದು, ಯಾಕೆಂದರೆ ಮುದ್ದೆಯನ್ನು ಗೋಲಿ ಮಾಡಿ ನೀರಿನ ಜೊತೆ ಇಳಿಸಿರುತ್ತಾನೆ. ಪ್ರಶ್ನಾವಳಿಗೆ ಆ ನೀರು ಕಾಣುವುದಿಲ್ಲ.

ಹಾಲು ಬಿಟ್ಟವನು

ಅಳಿಲು ಅವರು ಹೇಳಿದ್ದೆಲ್ಲಾ ಸರಿ, ಆದರೆ ಇದನ್ನು ಓದಿ "ಓ, ನಂಬರಿಗೆ ಅರ್ಥ ಇಲ್ಲ" ಅಂತ ನಿಮ್ಮ ತಮ್ಮ ಔಷಧಿ ಬಿಡುವ ಹಾಗಾಗಬಾರದು. ನಾನೂ ಇದೇ ಕಾಯಿಲೆಯವನು, ಜರ್ಮನಿಯಲ್ಲಿದ್ದೇನೆ. ಸ್ವಿಟ್ಜರ್ಲೆಂಡಿನಲ್ಲಿ 200 ರೋಗಿಗಳನ್ನು ನೋಡಿ 2013ರಲ್ಲಿ ಒಂದು ವರದಿ ಬರೆದರು. ಲಕ್ಷಣ ಶುರುವಾಗಿ 2 ವರ್ಷದೊಳಗೆ ಪತ್ತೆಯಾದವರಲ್ಲಿ ಅನ್ನನಾಳ ಕಿರಿದಾಗಿದ್ದದ್ದು 17% ಜನರಿಗೆ, 20 ವರ್ಷ ದಾಟಿದವರಲ್ಲಿ 71%. ಅಂದರೆ ಸುಮ್ಮನೆ ಬಿಟ್ಟರೆ ಒಳಗೆ ನಾರು ಕಟ್ಟುತ್ತಾ ಹೋಗುತ್ತದೆ. ಕಣ ಯಜಮಾನ ಅಲ್ಲದಿದ್ದರೂ ಬೆಂಕಿ ಇದೆ ಅಂತ ಹೇಳಲು ನಮ್ಮ ಹತ್ತಿರ ಸದ್ಯಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಇಲ್ಲಿ ಯುರೋಪಿನಲ್ಲಿ 2018ರಿಂದ ಬುಡೆಸೊನೈಡ್ ಮಾತ್ರೆ ಸಿಗುತ್ತದೆ, ಹೆಸರು ಜೊರ್ವೇಜಾ. ನಾಲಿಗೆ ಮೇಲೆ ಇಟ್ಟುಕೊಂಡು ಕರಗಿಸಿ, ಎಂಜಲಿನ ಜೊತೆ ನಿಧಾನವಾಗಿ ನುಂಗಬೇಕು, ಆಮೇಲೆ ಅರ್ಧ ಗಂಟೆ ನೀರೂ ಮುಟ್ಟುವ ಹಾಗಿಲ್ಲ. ನೀರು ಕುಡಿದರೆ ಔಷಧಿ ತೊಳೆದುಹೋಗುತ್ತದೆ, ಅದು ಅನ್ನನಾಳದ ಗೋಡೆಗೆ ಹತ್ತಿಕೊಂಡೇ ಕೆಲಸ ಮಾಡಬೇಕು. ಅಮೆರಿಕದಲ್ಲಿ ಕುಡಿಯುವ ರೂಪದ್ದು 2024ರಲ್ಲಿ ಬಂತು. ಅದಕ್ಕೆ ಮುಂಚೆ ಅಲ್ಲಿನವರು ನೆಬ್ಯುಲೈಸರಿಗೆ ಹಾಕುವ ಬುಡೆಸೊನೈಡ್ ಅನ್ನು ಜೇನುತುಪ್ಪದಲ್ಲಿ ಕಲಸಿ ನುಂಗುತ್ತಿದ್ದರು, ಈಗಲೂ ಎಷ್ಟೋ ಜನ ಹಾಗೇ ಮಾಡುತ್ತಾರೆ. ಬಾಯಲ್ಲಿ ಬಿಳಿ ಫಂಗಸ್ ಬರಬಹುದು, ನನಗೆ ಬಂತು, ಅದಕ್ಕೆ ಬೇರೆ ಔಷಧಿ ಕೊಟ್ಟರು.

ಈಗ ನಾನು ಪಥ್ಯದಲ್ಲಿದ್ದೇನೆ. ಮೊದಲು ಎಲ್ಲರೂ ಆರು ಬಿಡಿ ಅನ್ನುತ್ತಿದ್ದರು: ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಮತ್ತು ಬೀಜಗಳು, ಮೀನು ಸಿಗಡಿ. 2023ರಲ್ಲಿ ಅಮೆರಿಕದಲ್ಲಿ 129 ದೊಡ್ಡವರ ಮೇಲೆ ಹೋಲಿಸಿ ನೋಡಿದರು. ಆರೂ ಬಿಟ್ಟವರಲ್ಲಿ 40% ಜನಕ್ಕೆ ಹಿಡಿತಕ್ಕೆ ಬಂತು, ಹಾಲೊಂದೇ ಬಿಟ್ಟವರಲ್ಲಿ 34%. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಅದನ್ನು ನೋಡಿ ನಾನು ಹಾಲಿಂದ ಶುರುಮಾಡಿದೆ, ನನ್ನ ಪುಣ್ಯಕ್ಕೆ ಅಲ್ಲೇ ನಿಂತಿತು. ಚರ್ಮದ ಅಲರ್ಜಿ ಟೆಸ್ಟ್ ನಂಬಿಕೊಂಡು ಏನನ್ನೂ ಬಿಡಬೇಡಿ, ಈ ಕಾಯಿಲೆಗೆ ಅದು ದಾರಿ ತೋರಿಸುವುದಿಲ್ಲ. ಒಂದನ್ನು ಬಿಟ್ಟು ಕೆಲವು ವಾರ ಕಾದು ಮತ್ತೆ ಎಂಡೋಸ್ಕೋಪಿ, ಅದೇ ದಾರಿ. ಬೇಜಾರಿನ ಕೆಲಸ.

ಹಾಲು ಬಿಡುವುದು ಅಂದರೆ ಕಾಫಿಗೆ ಹಾಲು ಬಿಡುವುದಷ್ಟೇ ಅಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ನಮ್ಮ ಡಯಟೀಶಿಯನ್ ತುಪ್ಪವನ್ನೂ ತೆಗೆಸಿದರು. ಬ್ರೆಡ್ಡು, ಚಿಪ್ಸಿನ ಮಸಾಲೆ, ಎಲ್ಲದರಲ್ಲೂ ಹಾಲಿನ ಪುಡಿ. ಊರಿಗೆ ಬಂದಾಗ ಅತ್ತೆ "ಒಂದ್ ಚಮಚ ತುಪ್ಪ ಏನಾಗತ್ತೆ" ಅಂತ ಹೋಳಿಗೆ ಮೇಲೆ ಸುರಿದೇ ಬಿಟ್ಟರು. ಗೋಧಿ ಬಿಡುವ ಸಂದರ್ಭ ಬಂದರೆ ರಾಗಿ, ಜೋಳ, ಅಕ್ಕಿ ಇರುವ ನಮಗೆ ಕಷ್ಟ ಇಲ್ಲ ಅನ್ನಿಸುತ್ತದೆ, ಆದರೆ ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಅದರಲ್ಲೂ ಗೋಧಿ ಹಿಟ್ಟು ಸೇರಿಸಿರುತ್ತಾರೆ.

ಕೋಲಾರದ ಡಾಕ್ಟ್ರು

ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದು ಒಳ್ಳೆಯ ಪ್ರಶ್ನೆ.

ದೊಡ್ಡಪ್ಪನಿಗೆ ಬಂದಿದ್ದದ್ದು ಬಹುತೇಕ ಟ್ರಾಪಿಕಲ್ ಇಯೋಸಿನೋಫಿಲಿಯಾ ಇರಬೇಕು. ರಾತ್ರಿ ಹೊತ್ತು ಬಿಡದ ಕೆಮ್ಮು, ಗೊರಗೊರ, ರಕ್ತದಲ್ಲಿ ಇಯೋಸಿನೋಫಿಲ್ 3000 ದಾಟಿ ಎಲ್ಲೋ ಹೋಗಿರುತ್ತದೆ. ಇದು ಆನೆಕಾಲು ರೋಗದ ಹುಳುವಿಗೆ ಶ್ವಾಸಕೋಶ ತೋರಿಸುವ ಸಿಟ್ಟು. ಡೈಈಥೈಲ್‌ಕಾರ್ಬಮಜೀನ್ ಮೂರು ವಾರ ಕೊಟ್ಟರೆ ಹೆಚ್ಚಿನವರಿಗೆ ಇಳಿಯುತ್ತದೆ, ಅಮ್ಮ ಹೇಳಿದ ಮೂರು ವಾರ ಅದಕ್ಕೇ ತಾಳೆಯಾಗುತ್ತದೆ. ಇದನ್ನು ಮೊದಮೊದಲು ಬರೆದದ್ದು ನಮ್ಮ ಪಕ್ಕದಲ್ಲೇ, ಗಡಿಯಾಚೆ ಮದನಪಲ್ಲಿಯ ಕ್ಷಯರೋಗದ ಆಸ್ಪತ್ರೆಯಲ್ಲಿ. 1940ರಲ್ಲಿ ಅಲ್ಲಿನ ಫ್ರಿಮೋಟ್-ಮೊಲರ್ ಮತ್ತು ಬಾರ್ಟನ್, ಕ್ಷಯ ಅಂತ ಕಾಣಿಸಿಕೊಂಡು ಕ್ಷಯ ಅಲ್ಲದ ಈ ರೋಗಿಗಳ ಬಗ್ಗೆ ವರದಿ ಮಾಡಿದರು. 1943ರಲ್ಲಿ ವೈನ್‌ಗಾರ್ಟನ್ ಅದಕ್ಕೆ ಟ್ರಾಪಿಕಲ್ ಇಯೋಸಿನೋಫಿಲಿಯಾ ಅಂತ ಹೆಸರು ಕೊಟ್ಟರು.

ತಮ್ಮನದು ಅದಲ್ಲ. ಇಒಇಯಲ್ಲಿ ರಕ್ತದ ಲೆಕ್ಕ ಸರಿಯಾಗೇ ಇರಬಹುದು, ಗಲಾಟೆ ಅನ್ನನಾಳದೊಳಗೆ. ಬ್ಲಡ್ ರಿಪೋರ್ಟ್ ನಾರ್ಮಲ್ ಅಂತ ಈ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಕಡೆ ತಿರುಗುಮುರುಗು ಆಗುತ್ತದೆ: ರಕ್ತದಲ್ಲಿ ಜಾಸ್ತಿ ಇದ್ದರೆ ಮೊದಲು ಹುಳು ನೋಡಬೇಕು, ಅದರಲ್ಲೂ ಸ್ಟ್ರಾಂಜಿಲಾಯ್ಡಿಸ್. ಅದು ಒಳಗಿರುವಾಗ ಮೈಯೆಲ್ಲಾ ಕೆಲಸ ಮಾಡುವ ಸ್ಟೀರಾಯ್ಡ್ ಮಾತ್ರೆ ಜೋರಾಗಿ ಕೊಟ್ಟರೆ ಹುಳು ಮೈಯೆಲ್ಲಾ ಹರಡಿ ಜೀವಕ್ಕೇ ಬರುತ್ತದೆ. ತಮ್ಮ ಇಲ್ಲಿ ಬೆಳೆದವನು, ಅಲ್ಲಿನ ಡಾಕ್ಟರಿಗೆ ಇದು ಥಟ್ಟನೆ ಹೊಳೆಯದಿರಬಹುದು. ಹೇಳಿಡಲಿ.

ಅಳಿಲು ಅವರಿಗೆ ಒಂದು ಮಾತು. ಕಣ ಯಜಮಾನ ಅಲ್ಲ ಅನ್ನುವುದು ಇಒಇಗೆ ಸರಿ, ಎಲ್ಲದಕ್ಕೂ ಅಲ್ಲ. ಹೈಪರ್ ಇಯೋಸಿನೋಫಿಲಿಕ್ ಸಿಂಡ್ರೋಮ್ ಅಂತ ಇದೆ, ರಕ್ತದಲ್ಲಿ 1500ರ ಮೇಲೆ ನಿಂತುಬಿಡುತ್ತದೆ, ಆ ಕಣಗಳೇ ಹೃದಯದ ಒಳಗೋಡೆಯನ್ನು ಹಾಳುಮಾಡುತ್ತವೆ. ಅಲ್ಲಿ ಕಣ ಇಳಿಸಿದರೆ ರೋಗಿ ಉಳಿಯುತ್ತಾನೆ. ಅಂಥ ಕೆಲವರಲ್ಲಿ ಎರಡು ಜೀನ್ ಬೆಸೆದುಕೊಂಡಿರುತ್ತವೆ ಅಂತ 2003ರಲ್ಲಿ ಕಂಡುಕೊಂಡರು. ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್, ಅದೂ ಸಣ್ಣ ಡೋಸಿನಲ್ಲಿ, ಅವರಿಗೆ ಪವಾಡದ ಹಾಗೆ ಕೆಲಸ ಮಾಡುತ್ತದೆ. ಇಒಇಯಲ್ಲಿ ಸೋತ ಮೆಪೋಲಿಜುಮ್ಯಾಬ್‌ಗೆ 2020ರಲ್ಲಿ ಈ ಸಿಂಡ್ರೋಮಿಗೆ ಒಪ್ಪಿಗೆ ಸಿಕ್ಕಿತು. ಬೆನ್ರಾಲಿಜುಮ್ಯಾಬ್ ತೀವ್ರ ಅಸ್ತಮಾದಲ್ಲಿ ಚೆನ್ನಾಗಿ ನಡೆಯುತ್ತಿದೆ. ಕಣ ಒಂದೇ, ಕೂತ ಅಂಗ ಬೇರೆಯಾದರೆ ಅದರ ಪಾತ್ರವೂ ಬೇರೆ.

ಶಿಂಷಾ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಪೂರ್ತಿ ಕಳಿಸಿದೆ. ಅವನು ರಿಪೋರ್ಟ್ ತೆಗೆದು ನೋಡಿದನಂತೆ, "ಕೆಳಪದರ ದಪ್ಪ, ನಾರು ಕಂಡಿದೆ" ಅಂತ ಬರೆದಿದೆ. ಎಂಡೋಸ್ಕೋಪಿಯಲ್ಲಿ ಉಂಗುರ ಉಂಗುರ ಕಂಡಿತ್ತು, ಆದರೆ ಕಿರಿದಾಗಿದೆ ಅಂತ ಬರೆದಿಲ್ಲ. ಹಾಲು ಬಿಡುತ್ತೇನೆ ಅನ್ನುತ್ತಿದ್ದಾನೆ, ಇಂಜೆಕ್ಷನ್‌ಗೆ ಇನ್ಶೂರೆನ್ಸಿನವರು ಮೊದಲು ಬೇರೆ ಔಷಧಿ ಟ್ರೈ ಮಾಡಿ ಅಂದಿದ್ದಾರಂತೆ. ನಾರು ಇದ್ದರೆ ಅದು ಔಷಧಿಯಿಂದ ಹೋಗುತ್ತದಾ? ಅಮ್ಮನಿಗೆ ಹುಳುವಿನ ಕಥೆ ಹೇಳಿದೆ, "ಅದನ್ನೇ ನಾನೂ ಹೇಳಿದ್ದು" ಅಂದರು.

ಕೋಲಾರದ ಡಾಕ್ಟ್ರು

ಅಮ್ಮಂದಿರು ಯಾವತ್ತೂ ಅದನ್ನೇ ಹೇಳಿರುತ್ತಾರೆ ಬಿಡಿ 😄

ಔಷಧಿಯಿಂದ ಊತ ಇಳಿಯುತ್ತದೆ, ನಾರು ಅಷ್ಟು ಬೇಗ ಜಗ್ಗುವುದಿಲ್ಲ. ಕಿರಿದಾಗಿದ್ದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ, ಒಂದೇ ಸಲಕ್ಕೆ ಅಲ್ಲ, ಸ್ವಲ್ಪ ಸ್ವಲ್ಪವಾಗಿ, ಸಾಮಾನ್ಯವಾಗಿ 16ರಿಂದ 18 ಮಿಲಿಮೀಟರಿನವರೆಗೆ. ಆಮೇಲೆ ಒಂದೆರಡು ದಿನ ಎದೆ ನೋಯುತ್ತದೆ. ಹರಿದುಹೋಗುತ್ತದೆ ಅನ್ನುವ ಭಯ ಹಿಂದೆ ಜಾಸ್ತಿ ಇತ್ತು, ಈಗ ಅದು ಅಪರೂಪ ಅಂತ ಗೊತ್ತಾಗಿದೆ. ಆದರೆ ಹಿಗ್ಗಿಸುವುದರಿಂದ ಊತ ಕಮ್ಮಿ ಆಗುವುದಿಲ್ಲ, ಔಷಧಿಯೋ ಪಥ್ಯವೋ ಜೊತೆಯಲ್ಲಿ ಇರಲೇಬೇಕು. ಬೆನ್ರಾಲಿಜುಮ್ಯಾಬ್ ಟ್ರಯಲ್‌ನಲ್ಲಿ ಕಷ್ಟ ಇಳಿಯದೇ ಇರುವುದಕ್ಕೆ ಈ ನಾರೂ ಒಂದು ಕಾರಣ ಇರಬಹುದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ.

ಉಂಗುರ ಇದೆ, ಆದರೆ ಕಿರಿದು ಅಂತ ಬರೆದಿಲ್ಲ ಅಂದಿರಿ. ಕ್ಯಾಮೆರಾ ಕಣ್ಣಿಗೆ ನಿಧಾನವಾಗಿ ಕಿರಿದಾಗುವುದು ತಪ್ಪಿಹೋಗುತ್ತದೆ. ಎಂಡೋಸ್ಕೋಪಿನ ಪೈಪು 10 ಮಿಲಿಮೀಟರ್ ಆಸುಪಾಸು, 12-13ಕ್ಕೆ ಇಳಿದ ಅನ್ನನಾಳದಲ್ಲೂ ಅದು ಸಲೀಸಾಗಿ ಹೋಗುತ್ತದೆ, ಆದರೆ ಅಷ್ಟರಲ್ಲಿ ಮಾಂಸದ ತುಂಡು ಸಿಕ್ಕಿಕೊಳ್ಳುತ್ತದೆ. ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದರೆ ಕಾಣುತ್ತದೆ. ಮುಂದಿನ ಸಲ ಹೋದಾಗ ಅದನ್ನು ಕೇಳಲಿ. ಅಲ್ಲಿವರೆಗೆ ಮಾಂಸ, ಒಣಗಿದ ಬ್ರೆಡ್ಡು ದೂರ ಇಡಲಿ. ಮತ್ತೆ ಸಿಕ್ಕಿಕೊಂಡು ಎಂಜಲೂ ಇಳಿಯದಿದ್ದರೆ ವಾಂತಿ ಮಾಡಿ ತೆಗೆಯಲು ಹೋಗದೆ ಸೀದಾ ಎಮರ್ಜೆನ್ಸಿಗೆ ಹೋಗಲಿ.